ಕೆರೆಯೂ ನೀರುಗಂಟಿಯೂ

ಕಳೆದ ವರ್ಷ ಪ್ರಥಮ ಪದವಿ ತರಗತಿಯಲ್ಲಿ ಪಾಠ ಪ್ರಾರಂಭಿಸುವ ಮುನ್ನ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕಿದೆ: "ನಿಮ್ಮ ನಿಮ್ಮ ಊರಿನ ಚರಿತ್ರೆಯಲ್ಲಿ ನಡೆದ ಒಂದು ಮುಖ್ಯ ಘಟನೆಯನ್ನು ಹೇಳಿರಿ." ತರಗತಿ ಮೌನವಾಯಿತು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ನಮ್ಮೂರಿಗೆ ಚರಿತ್ರೆ ಇಲ್ಲ ಸಾರ್. ಕೋಟೆ ಇಲ್ಲ, ರಾಜರು ಬಂದಿಲ್ಲ. ಒಂದು ಕೆರೆ ಇದೆ, ಅದರಲ್ಲೂ ನೀರಿಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ಆ ಮಾತು ಮನಸ್ಸನ್ನು ಬಿಡಲಿಲ್ಲ. ಕೋಲಾರ ಸೀಮೆಯ ಹುಡುಗನೊಬ್ಬನು ತನ್ನ ಊರಿಗೆ ಕೆರೆಯಿದೆ, ಚರಿತ್ರೆಯಿಲ್ಲ ಎಂದು ತಿಳಿದಿದ್ದಾನೆಂದರೆ ಅದು ಅವನ ತಪ್ಪಲ್ಲ; ಚರಿತ್ರೆಯನ್ನು ಕಲಿಸುವ ನಮ್ಮ ತಪ್ಪು. ಆ ತಪ್ಪನ್ನು ಕಿಂಚಿತ್ತಾದರೂ ತಿದ್ದಿಕೊಳ್ಳುವ ಸಲುವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮನುಷ್ಯನಿಗೂ ಅವನ ಸುತ್ತಣ ನೆಲ, ಜಲ, ಕಾಡುಗಳಿಗೂ ಕಾಲಕಾಲಕ್ಕೆ ಇದ್ದ ಸಂಬಂಧವನ್ನು ಅರಸುವ ಶಾಸ್ತ್ರಕ್ಕೆ ಪರಿಸರ ಚರಿತ್ರೆ ಎಂದು ಹೆಸರು. ನಮ್ಮ ದೇಶದಲ್ಲಿ ಈ ಅಧ್ಯಯನಕ್ಕೆ ಬಲವಾದ ಬುನಾದಿ ಹಾಕಿದ ಗ್ರಂಥಗಳಲ್ಲಿ ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರು 1992ರಲ್ಲಿ ಪ್ರಕಟಿಸಿದ 'ದಿಸ್ ಫಿಷರ್ಡ್ ಲ್ಯಾಂಡ್' ಎಂಬುದು ಒಂದು. ಹೆಸರು ಹೊಸದಾದರೂ ವಿಷಯ ಹಳೆಯದೇ. ಯಾರು ನೀರನ್ನು ಕಟ್ಟಿದರು, ಯಾರು ಹಂಚಿದರು, ಯಾರು ಪಡೆದರು, ಯಾರು ಪಡೆಯಲಿಲ್ಲ ಎಂಬುದು ರಾಜರ ಯುದ್ಧಗಳಷ್ಟೇ ಚರಿತ್ರೆಯಾಗುತ್ತದೆ. ಆ ಯುದ್ಧಗಳಿಗಿಂತ ಇದು ನಮಗೆ ಹತ್ತಿರದ್ದು ಕೂಡ.

ಮೊದಲು ನಮ್ಮ ನೆಲದ ಸ್ಥಿತಿಯನ್ನು ನೋಡೋಣ. ಕೋಲಾರ ಮತ್ತು 2007ರಲ್ಲಿ ಅದರಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ, ಈ ಎರಡು ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಇವು ಹುಟ್ಟುವುದು ಇಲ್ಲಿಯೇ ಆದರೂ ತವರಿನಲ್ಲಿ ನಿಲ್ಲದ ಹೆಣ್ಣುಮಕ್ಕಳಂತೆ ಮಳೆಗಾಲದಲ್ಲಿ ಹರಿದು ನೆರೆಯ ಸೀಮೆಗಳಿಗೆ ಹೋಗಿಬಿಡುತ್ತವೆ. ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಅದೂ ಕೆಲವೇ ದಿನಗಳಲ್ಲಿ ಸುರಿದು ನಿಲ್ಲುವಂಥದು. ಬಿದ್ದ ಮಳೆಯನ್ನು ತಡೆದು ನಿಲ್ಲಿಸದಿದ್ದರೆ ಇಲ್ಲಿ ಬೇಸಾಯವಿಲ್ಲ, ಊರೂ ಇಲ್ಲ. ಆದಕಾರಣ ನಮ್ಮ ಹಿರಿಯರು ಎರಡು ದಿಣ್ಣೆಗಳ ನಡುವೆ ತಗ್ಗು ಕಂಡಲ್ಲೆಲ್ಲ ಏರಿ ಹಾಕಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಸರಪಣಿಯಂತೆ ಕೆರೆಗಳನ್ನು ಹೊಂದಿಸಿದರು. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಕೆರೆಗಳಿದ್ದವು. 19ನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯವರು, ಈ ನಾಡಿನ ನೂರಕ್ಕೆ ಅರವತ್ತು ಪಾಲು ನೆಲ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದೂ ಬೆರಗಾಗಿ ಬರೆದಿಟ್ಟಿದ್ದಾರೆ.

ಕೆರೆ ಕಟ್ಟುವುದು ಒಂದು ಶಾಸ್ತ್ರವೇ ಆಗಿತ್ತೆಂಬುದಕ್ಕೆ ನೆರೆಯ ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ ಸಾಕ್ಷಿ. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಆ ಕೆರೆಯ ಕೆಲಸಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುವಂತೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳಿರಬೇಕು, ಆರು ದೋಷಗಳಿರಬಾರದು ಎಂದು ಆ ಶಾಸನ ಎಣಿಸಿ ಹೇಳುತ್ತದೆ. ನೀರಿನ ಶಾಸ್ತ್ರ ಬಲ್ಲವನು, ಗಟ್ಟಿ ಜೇಡಿಯ ನೆಲ, ಹತ್ತಿರದಲ್ಲಿ ಕಲ್ಲಿನ ಗಣಿ, ಕೆಳಗೆ ಫಲವತ್ತಾದ ತಗ್ಗು ಭೂಮಿ, ಕೆಲಸ ಬಲ್ಲ ಆಳುಗಳ ತಂಡ ಇವು ಅಂಗಗಳಲ್ಲಿ ಕೆಲವು. ಏರಿಯಲ್ಲಿ ನೀರು ಜಿನುಗುವುದು, ಸವುಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು ಇವು ದೋಷಗಳಲ್ಲಿ ಸೇರಿವೆ. ನೀರು ಕಡಮೆಯಾಗಿ ಅದನ್ನು ನೆಚ್ಚಿದ ಭೂಮಿ ಹೆಚ್ಚಾಗುವುದೂ ದೋಷವೇ ಎಂದು ಅದರಲ್ಲಿ ಹೇಳಿದೆ. ಸುಮಾರು ಆರುನೂರ ಐವತ್ತು ವರ್ಷಗಳ ಹಿಂದೆ ಬರೆದ ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ಕಟ್ಟಿದ ಕೆರೆಯನ್ನು ಕಾಯುವ ವಿಚಾರದಲ್ಲಿಯೂ ಹಿರಿಯರು ಎಚ್ಚರ ತಪ್ಪಿರಲಿಲ್ಲ. ಕೋಲಾರ ಜಿಲ್ಲೆಯ ಶಾಸನಗಳು 'ಎಪಿಗ್ರಾಫಿಯ ಕರ್ಣಾಟಕ'ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಅಚ್ಚಾದವು. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮೊದಲಾದ ಮಾತುಗಳು ಪರಿಚಿತ. ಇವೆಲ್ಲ ಕೆರೆ ಕಟ್ಟಿದವರಿಗೆ, ಒಡೆದ ಕೆರೆಯನ್ನು ತಿದ್ದಿಸಿದವರಿಗೆ, ಕೆರೆಯ ಪಾಲನೆಗೆ ಬಿಟ್ಟ ಭೂಮಿ ಅಥವಾ ಆದಾಯದ ಹೆಸರುಗಳು. ಹೂಳು ಸಾಗಿಸುವ ಬಂಡಿಯ ವೆಚ್ಚಕ್ಕೆ ದತ್ತಿ ಬಿಟ್ಟದ್ದೂ ಉಂಟು. ಕೆರೆಯನ್ನು ಒಮ್ಮೆ ಕಟ್ಟಿ ಮುಗಿಸುವ ಕಟ್ಟಡವೆಂದು ಹಿರಿಯರು ಎಣಿಸಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಅದು ಪ್ರತಿ ವರ್ಷವೂ ಪುನಃ ಕಟ್ಟಬೇಕಾದ ಸಂಬಂಧ.

ಆ ಸಂಬಂಧದ ಒಂದು ಕೊಂಡಿಯಾಗಿದ್ದವನು ನೀರುಗಂಟಿ. ಇಲ್ಲಿ ನಾನು ಗ್ರಂಥಗಳನ್ನು ಬದಿಗಿಟ್ಟು ನಮ್ಮ ಮನೆಯ ವಿಷಯಕ್ಕೆ ಬರಬೇಕಾಗಿದೆ. ನಮ್ಮ ತಾತ ನಮ್ಮೂರಿನ ನೀರುಗಂಟಿಯಾಗಿದ್ದ. ಅವನ ತಂದೆಯೂ ಅದೇ ಕೆಲಸ ಮಾಡಿದವನು. ಬೆಳಗಿನ ಜಾವ ಎದ್ದು ಹೆಗಲ ಮೇಲೆ ಗುದ್ದಲಿ ಹಾಕಿಕೊಂಡು ಏರಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದುಹೋಗುವುದು ಅವನ ಮೊದಲ ಕೆಲಸ. ಇಲಿ, ಏಡಿ ತೋಡಿದ ಬಿಲವಿದೆಯೇ, ಗಿಡದ ಬೇರು ಇಳಿದಿದೆಯೇ, ಏರಿಯ ಬುಡದಲ್ಲಿ ಒದ್ದೆಯಿದೆಯೇ ಎಂದು ನೋಡುತ್ತಿದ್ದ. ಒದ್ದೆ ಕಂಡರೆ ಬಗ್ಗಿ ಬೆರಳು ಅದ್ದಿ, ನೀರು ತಿಳಿಯಾಗಿದೆಯೇ ಕೆಂಪಗಿದೆಯೇ ಎಂದು ಪರೀಕ್ಷಿಸುತ್ತಿದ್ದ. ತಿಳಿ ನೀರಾದರೆ ಭಯವಿಲ್ಲ. ಕೆಂಪು ನೀರಾದರೆ ಏರಿಯ ಮಣ್ಣು ಕರಗುತ್ತಿದೆ ಎಂದು ಅರ್ಥ. ಆಮೇಲೆ ತೂಬಿನ ಎರಡು ಕಲ್ಲುಕಂಬಗಳ ಬಳಿಗೆ ಈಜಿ ಹೋಗಿ, ಕಂಡಿಯನ್ನು ಮುಚ್ಚಿದ್ದ ಮರದ ಬಿರಡೆಯನ್ನು ಬೇಕಾದಷ್ಟೇ ಎತ್ತುತ್ತಿದ್ದ.

ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ತಲೆಯಲ್ಲಿತ್ತು. ಗಡಿಯಾರ ಅವನ ಬಳಿ ಇರಲಿಲ್ಲ, ಅಕ್ಷರವೂ ಬರುತ್ತಿರಲಿಲ್ಲ. ಕೆರೆ ಅರ್ಧ ತುಂಬಿದ ವರ್ಷ ಊರಿನ ಹಿರಿಯರು ದೇವಸ್ಥಾನದ ಮುಂದೆ ಸೇರಿ ಅವನನ್ನು ಕರೆಸುತ್ತಿದ್ದರು. "ಈ ನೀರು ಎಷ್ಟು ಭತ್ತಕ್ಕೆ ಆದೀತು?" ಎಂಬ ಪ್ರಶ್ನೆಗೆ ಅವನು ತೂಬಿನ ಕಂಬದ ಮೇಲಿನ ನೀರಿನ ಗುರುತು ನೋಡಿ ಉತ್ತರ ಹೇಳುತ್ತಿದ್ದ. ಇಡೀ ಅಚ್ಚುಕಟ್ಟಿಗೆ ಸಾಲದೆಂದಾದರೆ ತೂಬಿಗೆ ಹತ್ತಿರದ ಭೂಮಿಯಲ್ಲಿ ಮಾತ್ರ ಭತ್ತವಿಟ್ಟು, ಅದನ್ನೇ ಎಲ್ಲರೂ ತಮ್ಮ ತಮ್ಮ ಹಿಡುವಳಿಗೆ ತಕ್ಕಂತೆ ಹಂಚಿಕೊಂಡು ಬೆಳೆಯುತ್ತಿದ್ದರು. ಉಳಿದ ಭೂಮಿಗೆ ರಾಗಿ. ಪೋರುಮಾಮಿಳ್ಳದ ಶಾಸನ ಯಾವುದನ್ನು ದೋಷವೆಂದಿತೋ ಆ ದೋಷಕ್ಕೆ ನಮ್ಮೂರಿನವರು ಕಂಡುಕೊಂಡಿದ್ದ ಪರಿಹಾರವಿದು. ಬೇಸಗೆಯಲ್ಲಿ ಕೆರೆ ಒಣಗಿದರೆ ಗೋಡು ಮಣ್ಣನ್ನು ಬಂಡಿಯಲ್ಲಿ ತುಂಬಿ ಹೊಲಕ್ಕೆ ಒಯ್ಯುತ್ತಿದ್ದರು. ಕೆರೆಗೆ ಹೂಳು ಹೋಯಿತು, ಹೊಲಕ್ಕೆ ಗೊಬ್ಬರ ಬಂದಿತು.

ಇಷ್ಟು ಓದಿದವರು, ಆಹಾ, ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು ಎಂದಾರು. ಅಲ್ಲಿಯೇ ನಾವು ಎಚ್ಚರದಿಂದಿರಬೇಕು. ಇಡೀ ಊರಿಗೆ ನೀರು ಹಂಚುತ್ತಿದ್ದ ನಮ್ಮ ತಾತನಿಗೆ ಊರ ನಡುವಣ ಬಾವಿಯಿಂದ ಒಂದು ಕೊಡ ನೀರು ಸೇದುವ ಹಕ್ಕಿರಲಿಲ್ಲ. ನಮ್ಮ ಕೇರಿ ಊರ ಹೊರಗೆ. ಅಜ್ಜಿ ಬಾವಿಯ ಬಳಿ ದೂರದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಬಂದು ಮೇಲಿನಿಂದ ಹುಯ್ಯುವವರೆಗೆ ಕಾಯುತ್ತಿದ್ದಳಂತೆ. ತಾತನಿಗೆ ಸಂಬಳವಿರಲಿಲ್ಲ, ಅಚ್ಚುಕಟ್ಟಿನ ತುತ್ತತುದಿಯಲ್ಲಿ ಒಂದು ಎಕರೆ ಇನಾಮು ಭೂಮಿಯೂ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಬರುವ ಆಯವೂ ಇದ್ದವು. ತುದಿಯ ಭೂಮಿಯಾದ್ದರಿಂದ ಎಲ್ಲರ ಗದ್ದೆ ನೆನೆದ ಮೇಲೆ ನಮ್ಮ ಗದ್ದೆ. ಭಾಗೀರಥಿಯೆಂಬ ಸೊಸೆಯನ್ನು ಕೆರೆಗೆ ಬಲಿಕೊಟ್ಟ 'ಕೆರೆಗೆ ಹಾರ'ದ ಕಥನವನ್ನು ನಾವೆಲ್ಲ ಶಾಲೆಯಲ್ಲಿ ಓದಿ ಕಣ್ಣೀರಿಟ್ಟಿದ್ದೇವೆ. ಊರಿಗೆ ನೀರು ಬರಲೆಂದು ಯಾರೋ ಒಬ್ಬರು ತಮ್ಮನ್ನು ಕೊಟ್ಟುಕೊಳ್ಳಬೇಕಾಯಿತು ಎಂಬುದು ಬರಿಯ ಕಥೆಯಲ್ಲ. ಒಂದೇ ದಿನದಲ್ಲಿ ಕೊಟ್ಟುಕೊಂಡವರ ಮೇಲೆ ಹಾಡಾಯಿತು. ದಿನದಿನವೂ ಕೊಟ್ಟುಕೊಂಡವರ ಮೇಲೆ ಹಾಡಾಗಲಿಲ್ಲ.

1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂದಿತು. ಪಟೇಲ, ಶಾನುಭೋಗರಿಂದ ಹಿಡಿದು ತೋಟಿ, ತಳವಾರ, ನೀರುಗಂಟಿಯವರೆಗೆ ವಂಶಪಾರಂಪರ್ಯದ ಹುದ್ದೆಗಳೆಲ್ಲ ಕೊನೆಗೊಂಡವು. ನಮ್ಮ ಒಂದು ಎಕರೆ ತಾತನ ಹೆಸರಿಗೆ ಮರುಮಂಜೂರಾಯಿತು. ಹುಟ್ಟಿನಿಂದಲೇ ಅಂಟಿಕೊಂಡಿದ್ದ ಬಿಟ್ಟಿಯ ಸಂಕೋಲೆ ಕಳಚಿದ್ದು ನ್ಯಾಯವಾದ ಕೆಲಸವೆಂಬುದರಲ್ಲಿ ನನಗೆ ಕಿಂಚಿತ್ತೂ ಸಂಶಯವಿಲ್ಲ. ಆದರೆ ಹುದ್ದೆ ಹೋದಂತೆ ಕೆಲಸ ಹೋಗುವುದಿಲ್ಲವಷ್ಟೆ? ಏರಿಯಲ್ಲಿ ಇಲಿ ಬಿಲ ತೋಡುವುದನ್ನು ನಿಲ್ಲಿಸಲಿಲ್ಲ. ಆ ಕೆಲಸವನ್ನು ಮರ್ಯಾದೆಯಿಂದ, ಸಂಬಳದಿಂದ, ಜಾತಿಯ ಹಂಗಿಲ್ಲದೆ ಮಾಡುವವರು ಯಾರು ಎಂಬ ಪ್ರಶ್ನೆಗೆ ನಮ್ಮೂರಿನಲ್ಲಿ ಉತ್ತರ ಹುಡುಕಲಿಲ್ಲ. ತಾತ ಕೆಲವು ವರ್ಷ ಹಳೆಯ ಅಭ್ಯಾಸದಿಂದ ಏರಿಯ ಮೇಲೆ ನಡೆದ. ಕಣದ ಆಯ ವರ್ಷವರ್ಷಕ್ಕೆ ಕಡಮೆಯಾಗುತ್ತ ಬಂದು ಒಂದು ವರ್ಷ ನಿಂತೇಹೋಯಿತು.

ಮುಂದಿನ ಅಧ್ಯಾಯ ಎಲ್ಲರಿಗೂ ಗೊತ್ತಿರುವುದೇ. ಹೂಳೆತ್ತುವುದು ನಿಂತಿತು. ನೀರು ಬರುವ ಕಾಲುವೆಗಳ ಮೇಲೆ ಒತ್ತುವರಿಯಾಯಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಂದ ನೀಲಗಿರಿ ರಾಗಿಯ ಹೊಲಗಳನ್ನೂ ಹಿಡಿಯಿತು. 2017ರಲ್ಲಿ ಸರ್ಕಾರ ಅದನ್ನು ಹೊಸದಾಗಿ ನೆಡಬಾರದೆಂದು ಆಜ್ಞೆ ಮಾಡಬೇಕಾಯಿತು. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಹಬ್ಬಿತು. ಎಲ್ಲಕ್ಕಿಂತ ಮಿಗಿಲಾಗಿ ಕೊಳವೆ ಬಾವಿ ಬಂದಿತು.

ಕೊಳವೆ ಬಾವಿಯನ್ನು ಬೈಯುವುದು ಸುಲಭ. ಆದರೆ ನಮ್ಮೂರಿನ ಕೆರೆಯ ಅಚ್ಚುಕಟ್ಟಿನಲ್ಲಿ ಮೊದಲು ಕೊಳವೆ ಬಾವಿ ಕೊರೆಸಿದವರಲ್ಲಿ ನಮ್ಮ ಅಪ್ಪನೂ ಒಬ್ಬನೆಂಬುದನ್ನು ನಾನು ಮುಚ್ಚಿಡಲಾರೆ. ಅದು 1991. ಆ ತುದಿಯ ಒಂದು ಎಕರೆಯಲ್ಲಿಯೇ 250 ಅಡಿಗೆ ನೀರು ಸಿಕ್ಕಿತು. ಅಪ್ಪ ಆ ದಿನ ನಕ್ಕಂತೆ ಮತ್ತೆಂದೂ ನಕ್ಕದ್ದನ್ನು ನಾನು ಕಾಣೆ. ತಾತ ಮಾತ್ರ ಕೊಳವೆಯಿಂದ ಚಿಮ್ಮುವ ನೀರನ್ನು ಬಹಳ ಹೊತ್ತು ನೋಡಿ, "ಇದಕ್ಕೆ ತೂಬು ಎಲ್ಲೈತಪ್ಪ?" ಎಂದು ಕೇಳಿದ. ಅಪ್ಪನಿಗೆ ಸಿಟ್ಟು ಬಂದಿತು. "ಇದಕ್ಕೆ ತೂಬೂ ಇಲ್ಲ, ಸರದಿಯೂ ಇಲ್ಲ. ಯಾರ ಗದ್ದೆ ನೆನೆಯೋವರ್ಗೂ ನಾನು ಕಾಯ್ಬೇಕಾಗಿಲ್ಲ" ಎಂದುಬಿಟ್ಟ. ತಾತ ಮರುಮಾತಾಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡ.

ಯಾರ ಮಾತು ಸರಿ? ಮೂವತ್ತು ವರ್ಷ ಕಳೆದರೂ ನನ್ನಿಂದ ತೀರ್ಪು ಕೊಡಲು ಆಗಿಲ್ಲ. ತಲೆತಲಾಂತರದಿಂದ ಕೊನೆಗೆ ನೀರು ಪಡೆದವನ ಮಗನು ಮೊದಲ ಬಾರಿಗೆ ತನ್ನ ಇಷ್ಟದಂತೆ ನೀರು ಹಾಯಿಸಿದ. ಆ ನೀರಿನಿಂದ ಟೊಮೇಟೊ ಬೆಳೆದ. ಆ ಟೊಮೇಟೊ ಹಣದಿಂದ ನಾನು ಹಾಸ್ಟೆಲಿನಲ್ಲಿದ್ದು ಓದಿದೆ. ಇಂದು ತರಗತಿಯಲ್ಲಿ ನಿಂತು ಕೆರೆಗಳ ಚರಿತ್ರೆ ಹೇಳುವ ಈ ಉಪನ್ಯಾಸಕನು ಕೊಳವೆ ಬಾವಿಯ ನೀರಿನಲ್ಲಿ ಬೆಳೆದವನು. ಆದರೆ ತಾತನ ಪ್ರಶ್ನೆಯೂ ಸುಳ್ಳಾಗಲಿಲ್ಲ. ಎಂಟು ವರ್ಷಕ್ಕೆ ಆ ಬಾವಿ ಬತ್ತಿತು. ಎರಡನೆಯದನ್ನು 600 ಅಡಿಗೆ ಕೊರೆಸಿದೆವು. ಮೂರನೆಯದು 1100 ಅಡಿ ಇಳಿದರೂ ಬರಿಯ ಕಲ್ಲಿನ ಪುಡಿ ಬಂದಿತು, ಸಾಲ ಉಳಿಯಿತು. ತೂಬಿಲ್ಲದ ನೀರಿಗೆ ಅಳತೆಯಿಲ್ಲ. ಕಣ್ಣಿಗೆ ಕಾಣದ ನೀರಿನ ಸುತ್ತ ಊರಿನವರು ಸೇರಿ ಕೂತು ಮಾತಾಡಲಿಲ್ಲ.

ಇನ್ನು 2021ರ ನವೆಂಬರ್ ತಿಂಗಳ ಮಾತು. ಆ ವರ್ಷ ನಮ್ಮ ಸೀಮೆಯಲ್ಲಿ ಸುರಿದ ಮಳೆ ಯಾರಿಗೂ ಮರೆಯುವಂಥದಲ್ಲ. 2005ರಲ್ಲಿ ಒಮ್ಮೆ ತುಂಬಿದ್ದ ನಮ್ಮೂರ ಕೆರೆ ಹದಿನಾರು ವರ್ಷಗಳ ಮೇಲೆ ಮತ್ತೆ ತುಂಬಿತು. ಜನ ಬಾಗಿನ ಬಿಡಲು ಸಿದ್ಧರಾಗುತ್ತಿರುವಾಗಲೇ ಒಂದು ರಾತ್ರಿ ಏರಿಯ ಬುಡದಲ್ಲಿ ನೀರು ಜಿನುಗುವುದನ್ನು ಯಾರೋ ಕಂಡರು. ಕೋಡಿಯ ದಾರಿ ಹೂಳು ಮತ್ತು ಜಾಲಿಯಿಂದ ಮುಚ್ಚಿಹೋಗಿ, ನೀರು ಹೋಗಲು ಎಡೆಯಿಲ್ಲದೆ ಏರಿಯ ತಲೆಯ ಸಮಕ್ಕೆ ಏರುತ್ತಿತ್ತು. ಜೆ.ಸಿ.ಬಿ. ಯಂತ್ರ ತರಿಸಿದರು. ಏರಿಯನ್ನೇ ಒಂದು ಕಡೆ ಕಡಿದು ನೀರು ಬಿಟ್ಟರೆ ಸರಿ ಎಂದು ಕೆಲವರು ಹೊರಟರು. ಊರಿನಿಂದ ಬಂದ ಫೋನಿಗೆ ನಾನು ಹೋಗಿ ಸೇರುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಎಪ್ಪತ್ತು ದಾಟಿದ ನಮ್ಮ ಅಪ್ಪ ಕೋಲೂರಿಕೊಂಡು ಯಂತ್ರದ ಮುಂದೆ ನಿಂತಿದ್ದ. "ಏರಿ ಮುಟ್ಟಬೇಡಪ್ಪ. ಒಂದು ಗುದ್ದಲಿ ಅಗಲ ಕಡಿದರೂ ನೀರು ತಾನೇ ದಾರಿ ಅಗಲ ಮಾಡ್ಕೊಂತದೆ. ಕೆಳಗಿನ ಊರು ಉಳಿಯಾಕಿಲ್ಲ. ಕೋಡಿ ಕಲ್ಲು ಎಲ್ಲೈತೆ ನಾನು ತೋರುಸ್ತೀನಿ" ಎನ್ನುತ್ತಿದ್ದ.

ಹುಡುಗನಾಗಿದ್ದಾಗ ತಾತನ ಹಿಂದೆ ನಡೆದು ಕಂಡಿದ್ದ ಜಾಗವನ್ನು ಅವನು ಜಾಲಿಯ ಪೊದೆಯ ನಡುವೆ ಗುರುತಿಸಿದ. ಯಂತ್ರ ಅಲ್ಲಿ ಹೂಳು ತೆಗೆಯಿತು. ಎರಡು ಆಳುದ್ದ ಅಗೆದ ಮೇಲೆ ಕೋಡಿಯ ಚಪ್ಪಡಿ ಕಲ್ಲುಗಳು ಕಾಣಿಸಿದವು. ನೀರು ತನ್ನ ಹಳೆಯ ದಾರಿ ಹಿಡಿದು ಕೆಳಗಿನ ಕೆರೆಗೆ ಹರಿಯಿತು. ಆ ದಾರಿಯಲ್ಲಿ ಒತ್ತುವರಿ ಮಾಡಿ ಬೆಳೆದಿದ್ದ ಒಬ್ಬರ ರಾಗಿಯೂ ನಮ್ಮ ದಾಯಾದಿಗಳ ಟೊಮೇಟೊ ತೋಟವೂ ಕೊಚ್ಚಿಹೋದವು. ಏರಿ ಉಳಿಯಿತು. ಮಧ್ಯಾಹ್ನ ಅಪ್ಪ ಏರಿಯ ಬುಡಕ್ಕೆ ಇಳಿದು, ಬಗ್ಗಿ ಜಿನುಗುವ ನೀರಿಗೆ ಬೆರಳು ಅದ್ದಿ ನೋಡಿ, "ತಿಳಿ ಐತೆ" ಎಂದ. ತಾತನ ಕೆಲಸವನ್ನು ಧಿಕ್ಕರಿಸಿ ಹೊರಟಿದ್ದವನ ಕೈಗೆ ಆ ಕೆಲಸ ಮರೆತಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಪ್ಪನಿಗೆ ತಿಳಿದಿತ್ತು, ನನಗೆ ತಿಳಿದಿಲ್ಲ. ಕೋಡಿ ಕಲ್ಲಿನ ಜಾಗ ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ. ಮುಂದಿನ ಬಾರಿ ಕೆರೆ ತುಂಬಿದಾಗ ಯಂತ್ರದ ಮುಂದೆ ನಿಲ್ಲುವವರು ಯಾರು? ಪರಿಸರ ಚರಿತ್ರೆ ಪರೀಕ್ಷೆಗೆ ಓದುವ ವಿಷಯವಷ್ಟೇ ಅಲ್ಲ, ಒಂದು ಊರಿನ ಪ್ರಾಣದ ವಿಷಯವೂ ಹೌದು ಎಂದು ನನಗೆ ಮನವರಿಕೆಯಾದದ್ದು ಅಂದು.

ಆದಕಾರಣ ಕಳೆದ ವರ್ಷದ ಆ ಪ್ರಶ್ನೆಯನ್ನು ನಾನು ಬದಲಿಸಿಕೊಂಡೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹಿರಿಯರೊಬ್ಬರ ಬಳಿ ಕುಳಿತು ಕೆರೆಯ ಬಗ್ಗೆ ಕೇಳಿ ಬರೆದು ತರಬೇಕೆಂದು ಹೇಳಿದೆ. ಬಂದ ಕಥೆಗಳನ್ನು ಓದುತ್ತ ನಾನೇ ವಿದ್ಯಾರ್ಥಿಯಾದೆ. ಒಬ್ಬಳು, ಕೆರೆ ಬತ್ತುವ ಮುನ್ನ ಇಡೀ ಊರು ಇಳಿದು ಮೀನು ಹಿಡಿಯುತ್ತಿದ್ದ ದಿನದ ವಿಷಯವನ್ನು ಅಜ್ಜಿಯ ಬಾಯಿಂದ ಬರೆದು ತಂದಳು. ಒಬ್ಬನು, ತಮ್ಮ ಮನೆಯ ಗೋಡೆಯ ಮಣ್ಣೂ ಮಡಕೆಯ ಮಣ್ಣೂ ಕೆರೆಯಂಗಳದವೇ ಎಂದು ಕಂಡುಕೊಂಡ. ಇನ್ನೊಬ್ಬನ ತಾಯಿ, ತಾನು ಮದುವೆಯಾಗಿ ಬಂದಾಗ ಎಷ್ಟು ಆಳದಲ್ಲಿ ನೀರಿತ್ತು, ಇಂದು ಎಷ್ಟು ಆಳದಲ್ಲಿದೆ ಎಂಬುದನ್ನು ಸೇದುವ ಹಗ್ಗದ ಉದ್ದದಿಂದ ಲೆಕ್ಕ ಹೇಳಿದಳು. 'ನಮ್ಮೂರಿಗೆ ಚರಿತ್ರೆ ಇಲ್ಲ' ಎಂದ ಹುಡುಗನೇ ಎಲ್ಲರಿಗಿಂತ ಹೆಚ್ಚಾಗಿ, ಹದಿನಾಲ್ಕು ಪುಟ ಬರೆದು ತಂದ.

ಈ ಕೆಲಸ ಮಾಡಬಯಸುವ ವಿದ್ಯಾರ್ಥಿ ಮಿತ್ರರಿಗೆ ಒಂದೆರಡು ಸೂಚನೆ. ಊರಿನ ದೊಡ್ಡವರನ್ನು ಮಾತ್ರ ಕೇಳಬೇಡಿರಿ. ನೀರು ಹೊತ್ತ ಹೆಂಗಸರನ್ನು, ದನ ಕಾದವರನ್ನು, ತೋಟಿ ನೀರುಗಂಟಿಗಳ ಮನೆಯವರನ್ನು ಕೇಳಿರಿ. 'ಹಿಂದೆ ಹೇಗಿತ್ತು' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂಬ ಉತ್ತರ ಬರುತ್ತದೆ. ಅದರ ಬದಲು, ನಿಮ್ಮ ಗದ್ದೆಗೆ ನೀರು ಎಷ್ಟನೆಯ ಸರದಿಯಲ್ಲಿ ಬರುತ್ತಿತ್ತು, ತೂಬು ಎತ್ತುತ್ತಿದ್ದವರು ಯಾರು, ಹೂಳು ಎತ್ತಿದ್ದು ಯಾವಾಗ ನಿಂತಿತು, ಯಾರಿಗೆ ನೀರು ಕೊಡುತ್ತಿರಲಿಲ್ಲ ಎಂದು ಕೇಳಿರಿ. ಅವರು ಹೇಳುವ ಕಲ್ಲು, ಕಾಲುವೆ, ಕಟ್ಟೆಗಳನ್ನು ಅವರ ಜೊತೆಯಲ್ಲಿಯೇ ನಡೆದು ನೋಡಿ ನಕ್ಷೆ ಬರೆಯಿರಿ. ನಿಮ್ಮ ಮನೆಗೆ ಹಿತವಲ್ಲದ ಮಾತು ಸಿಕ್ಕಿದರೆ ಅದನ್ನೂ ಬರೆಯಿರಿ.

2018ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಗಳ ಮೂಲಕ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಆರಂಭವಾಯಿತು. ಅದರಿಂದ ಎಷ್ಟೋ ಕೆರೆಗಳು ನೀರು ಕಂಡವು. ಆ ನೀರು ಎಷ್ಟು ಶುದ್ಧ ಎಂಬ ವಾದವೂ ನಡೆದಿದೆ. ಅದು ವಿಜ್ಞಾನಿಗಳು ತೀರ್ಮಾನಿಸಬೇಕಾದ ವಿಷಯ. ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಹೇಳಬಲ್ಲದ್ದು ಇಷ್ಟೆ: ನೀರು ಬಂದ ಮಾತ್ರಕ್ಕೆ ಕೆರೆ ಆಗುವುದಿಲ್ಲ. ಏರಿಯನ್ನು ನೋಡುವ ಕಣ್ಣು, ತೂಬಿನ ಲೆಕ್ಕ, ಎಲ್ಲರೂ ಕೂಡಿ ಕೂತು ಹಂಚಿಕೊಳ್ಳುವ ಮನಸ್ಸು ಇವೂ ಬೇಕು. ಮೊದಲಿನ ಕಾಲದಲ್ಲಿ ಇವು ಇದ್ದವು, ಆದರೆ ಕೆಲವರ ಬೆನ್ನಿನ ಮೇಲೆ ಇದ್ದವು. ಇನ್ನು ಮುಂದೆ ಎಲ್ಲರ ಹೆಗಲ ಮೇಲೆ ಇರಬೇಕಾಗಿದೆ.

ಈ ರಜೆಯಲ್ಲಿ ನಾನು ಅಪ್ಪನ ಜೊತೆ ಏರಿಯ ಮೇಲೆ ನಡೆದು, ಅವನು ತೋರಿಸಿದ ತೂಬು, ಕೋಡಿ, ಕಾಲುವೆಗಳನ್ನೆಲ್ಲ ಒಂದು ಕಾಗದದ ಮೇಲೆ ಗುರುತು ಹಾಕಿಕೊಂಡಿದ್ದೇನೆ. ಅದರ ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಟ್ಟಿದ್ದೇನೆ, ಇನ್ನೊಂದನ್ನು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ. ಅದರ ಪಕ್ಕದಲ್ಲಿ ನಿಮ್ಮ ಊರಿನ ನಕ್ಷೆಗೂ ಜಾಗ ಬಿಟ್ಟಿದೆ.